ವಿಜ್ಞಾನಿಯನ್ನು ಅರ್ಥಕ್ಕೆ ಕೂರಿಸಿದ ನನ್ನ ಅನುಭವ

ಕಳೆದ ಫೆಬ್ರವರಿಯಲ್ಲಿ ಕುಮಟಾ ಹತ್ತಿರದ ನಮ್ಮ ಊರಿನ ತಾಳಮದ್ದಳೆ ಕೂಟದಲ್ಲಿ (ವೇಷ, ಕುಣಿತವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಕಾರವಾರದ ಕಡಲಜೀವಶಾಸ್ತ್ರದ ಸಂಶೋಧಕಿಯೊಬ್ಬರು ಶರಾವತಿ ನದಿಯ ಪಾತ್ರವಾಗಿ ಅರ್ಥ ಹೇಳಿದರು, ಅಂದರೆ ಪದ್ಯದ ಮೇಲೆ ಪಾತ್ರದ ಮಾತಾಡಿದರು. ಎದುರಿಗೆ ಅಘನಾಶಿನಿ ನದಿಯಾಗಿ ಕುಳಿತವರು ಮೂವತ್ತು ವರ್ಷ ಕೌರವ, ಕರ್ಣ, ಮಾಗಧ ಎಂದು ಅರ್ಥ ಹೇಳಿ ಪಳಗಿದ ಅರ್ಥಧಾರಿಗಳು. ರಾತ್ರಿ 9ಕ್ಕೆ ಕುಳಿತದ್ದು ಮಂಗಳ ಹಾಡುವಾಗ 1 ಗಂಟೆ ದಾಟಿತ್ತು. ಜನ 180ರ ಆಸುಪಾಸು. ನಡುವೆ ಎದ್ದು ಹೋದವರು ಹತ್ತು ಹನ್ನೆರಡು ಮಂದಿ. ಪೌರಾಣಿಕ ಪ್ರಸಂಗಕ್ಕೂ ಈಗ ಇಷ್ಟು ಹೊತ್ತು ಜನ ಕೂರುವುದು ಕಡಿಮೆ. ಮೂರು ವರ್ಷ "ಇದು ಆಗುವ ಹೋಗುವ ಮಾತಲ್ಲ" ಎಂದು ತಲೆಯಾಡಿಸಿದ ಸಂಘಟಕ ಮಿತ್ರರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಕೂಟ ನಡೆಸುವುದು ಹೇಗೆಂದು ಅವರಿಗೆ ಹೇಳಬೇಕಾಗಿಲ್ಲ, ಹಾಗಾಗಿ ಅದನ್ನು ಬಿಡುತ್ತೇನೆ.

ಮೊದಲು ಕೈಸುಟ್ಟುಕೊಂಡ ಲೆಕ್ಕ. 2024ರ ಆರಂಭದಲ್ಲಿ ಅಘನಾಶಿನಿ ಅಳಿವೆಗೆ (ನದಿ ಕಡಲು ಸೇರುವ ಕಡೆಗೆ) ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತಲ್ಲ, ಆ ಉತ್ಸಾಹದಲ್ಲಿ ಕಾರವಾರದಲ್ಲಿ ಒಂದು ಸಭಾಂಗಣ ಹಿಡಿದು "ಕಲಾವಿದರು ಮತ್ತು ವಿಜ್ಞಾನಿಗಳ ಸಂವಾದ" ಎಂದು ಬ್ಯಾನರ್ ಕಟ್ಟಿಸಿದೆ. ಬಾಡಿಗೆ, ಪ್ರೊಜೆಕ್ಟರ್, ಊಟ, ಕಾರು ಎಲ್ಲ ಸೇರಿ 40 ಸಾವಿರಕ್ಕೆ ಸ್ವಲ್ಪ ಕಡಿಮೆ. ಇಬ್ಬರು ವಿಜ್ಞಾನಿಗಳು ತಲಾ ಮುಕ್ಕಾಲು ಗಂಟೆ ಪರದೆಯ ಮೇಲೆ ಗೆರೆಚಿತ್ರ ತೋರಿಸಿದರು. ಯಕ್ಷಗಾನದ ಭಾಗವತರೊಬ್ಬರು ಎರಡು ಪದ್ಯ ಹಾಡಿದರು. ಊಟಕ್ಕೆ ಎದ್ದಾಗ ವಿಜ್ಞಾನಿಗಳು ಒಂದು ಪಂಕ್ತಿಯಲ್ಲಿ, ಕಲಾವಿದರು ಇನ್ನೊಂದು ಪಂಕ್ತಿಯಲ್ಲಿ. ಸಂವಾದಕ್ಕೆಂದು ಇಟ್ಟ ಕೊನೆಯ ಒಂದು ಗಂಟೆಯಲ್ಲಿ ಉಳಿದವರು ಹನ್ನೊಂದು ಜನ, ಅದರಲ್ಲಿ ಮೂವರು ನಮ್ಮ ಮನೆಯವರು.

ಎರಡನೆಯ ಸಲ ಚಿತ್ರ ಬರೆಯುವ ಐವರಿಗೆ ಬಣ್ಣ, ಕ್ಯಾನ್ವಾಸಿನ ಖರ್ಚು ಕೊಟ್ಟು ಸೂಕ್ಷ್ಮದರ್ಶಕದ ಫೋಟೋಗಳನ್ನು ಕಳಿಸಿದೆ. 22 ಸಾವಿರ ಹೋಯಿತು. ಬಂದದ್ದು ಫೋಟೋದಂಥದೇ ಚಿತ್ರಗಳು. ಚಿತ್ರಕಾರರು ಫೋಟೋ ತೆಗೆದವರ ಮುಖ ನೋಡಿರಲಿಲ್ಲ, ಫೋಟೋ ತೆಗೆದವರು ಚಿತ್ರ ನೋಡಲು ಬರಲಿಲ್ಲ. ಅನುದಾನ ಕೇಳಿ ಒಂದು ಕಚೇರಿಗೆ ಐದು ಸಲ ಅಲೆದೆ. ಇದು ಕಲೆಯ ಖಾತೆಗೂ ಸೇರುವುದಿಲ್ಲ, ವಿಜ್ಞಾನದ ಖಾತೆಗೂ ಸೇರುವುದಿಲ್ಲ ಎಂದು ಅರ್ಜಿ ಹಿಂದೆ ಬಂತು. ಆ ಮಾತು ಇವತ್ತಿಗೂ ನೋಯುತ್ತದೆ.

ದಾರಿ ತೋರಿದ್ದು ಅಘನಾಶಿನಿಯಲ್ಲಿ ಅಮಾವಾಸ್ಯೆಯ ಮರುದಿನ ಬೆಳಗಿನ ಇಳಿತ. ಸಂಶೋಧಕಿ ನೀರಿನ ಮಾದರಿ ತೆಗೆಯಲು ಬರುವವರಿದ್ದರು. ಅರ್ಥಧಾರಿಗಳನ್ನು ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಮಾತಿಲ್ಲ, ಭಾಷಣವಿಲ್ಲ, ಮೊಣಕಾಲವರೆಗೆ ಕೆಸರು. ಚಿಪ್ಪಿಕಲ್ಲು ಆರಿಸುವ ಹೆಂಗಸರು ನೀರಿಗಿಳಿದು ಪಾದದಲ್ಲೇ ತಡಕುತ್ತಿದ್ದರು. ಸಂಶೋಧಕಿ ನೀರಿನ ಉಪ್ಪು ಅಳೆಯುವ ಒಂದು ಗೇಣುದ್ದದ ರಿಫ್ರಾಕ್ಟೋಮೀಟರ್ ತೆಗೆದು, ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು, ಬೆಳಕಿಗೆ ಹಿಡಿದು ನೋಡಿದರು. ಅಷ್ಟರಲ್ಲಿ ಅರ್ಥಧಾರಿಗಳು ಬೆರಳು ಅದ್ದಿ ನಾಲಿಗೆಗೆ ತಾಗಿಸಿ, "ಸಮುದ್ರದ ಮುಕ್ಕಾಲು ಉಪ್ಪು" ಎಂದರು. ಪಕ್ಕದಲ್ಲಿದ್ದ ಹಿರಿಯ ಹೆಂಗಸು ತಾನೂ ನಾಲಿಗೆಗೆ ಹಚ್ಚಿಕೊಂಡು, "ಇಲ್ಲ ಒಡೆಯಾ, ಅದಕ್ಕಿಂತ ಒಂದು ಚಿಟಿಕೆ ಜಾಸ್ತಿ" ಎಂದರು. ಉಪಕರಣದಲ್ಲಿ 28 ಇತ್ತು, ಅಂದರೆ ಸಾವಿರ ಪಾಲಿಗೆ 28 ಪಾಲು ಉಪ್ಪು. ಸಮುದ್ರದ್ದು ಸಾವಿರಕ್ಕೆ 35ರ ಹತ್ತಿರ. ಲೆಕ್ಕ ಹಾಕಿ ನೋಡಿ, ಆ ಅಕ್ಕನ ನಾಲಿಗೆಯೇ ಗೆದ್ದಿತು. ಸಂಶೋಧಕಿ ಉಪಕರಣವನ್ನು ಅವರ ಕೈಗೆ ಕೊಟ್ಟು, "ಅಕ್ಕಾ, ನೀವೇ ನೋಡಿ, ನಿಮ್ಮ ಮಾತೇ ಇಲ್ಲಿದೆ" ಎಂದಾಗ ನನಗೆ ಮೈ ಜುಮ್ಮೆಂದಿತು.

ಅದೇ ವಾರ ಹೊನ್ನಾವರಕ್ಕೆ ಹೋಗಿ ಶರಾವತಿಯಲ್ಲಿ, ಕಡಲಿನಿಂದ ಹೆಚ್ಚುಕಡಿಮೆ ಅಷ್ಟೇ ಒಳಗೆ, ಹನಿ ತೆಗೆದೆವು. ಉಪ್ಪು ಐದರ ಆಸುಪಾಸು. ಎರಡು ನದಿಗಳ ನಡುವೆ ಹೆದ್ದಾರಿಯಲ್ಲಿ ಅರ್ಧ ಗಂಟೆಯ ದಾರಿ, ನೀರು ಮಾತ್ರ ಬೇರೆಯೇ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಬೇಸಿಗೆಯಲ್ಲಿ ಸಿಹಿನೀರು ಸಣ್ಣಗಾಗುತ್ತದೆ, ಕಡಲು ಒಳಗೆ ಬರುತ್ತದೆ, ಉಪ್ಪು ಬೇಕಾದ ಚಿಪ್ಪುಗಳು ಬೆಳೆಯುತ್ತವೆ. ಶರಾವತಿಗೆ 1964ರಿಂದ ಲಿಂಗನಮಕ್ಕಿ ಅಣೆಕಟ್ಟು ಇದೆ. ವಿದ್ಯುತ್ ತೆಗೆದ ನೀರು ವರ್ಷವಿಡೀ ಹರಿದು ಬಂದು ಅಳಿವೆಯ ಉಪ್ಪನ್ನು ತೊಳೆದುಬಿಡುತ್ತದೆ. ಅರ್ಥಧಾರಿಗಳು ಬಸ್‌ನಲ್ಲಿ ಬರುವಾಗ ಒಂದೇ ಮಾತು ಹೇಳಿದರು: "ಇದು ಪ್ರಸಂಗವಪ್ಪಾ. ಇಬ್ಬರೂ ಸರಿ, ಇಬ್ಬರಿಗೂ ನೋವಿದೆ."

ಅಲ್ಲಿಂದ ಕೆಲಸ ಓಡಿತು. ಊರಿನ ಕವಿಯೊಬ್ಬರಿಂದ 14 ಪದ್ಯ ಬರೆಸಿದೆ, ಹೆಚ್ಚಿನವು ಭಾಮಿನಿ ಷಟ್ಪದಿ. ಕೊಟ್ಟದ್ದು 5 ಸಾವಿರ, ಕೊಡಬೇಕಾದ್ದು ಇನ್ನೂ ಹೆಚ್ಚು. ಅರ್ಥಕ್ಕೆ ಮೊದಲು ಆರು ಸಂಜೆ ಇಬ್ಬರನ್ನೂ ನಮ್ಮ ಜಗಲಿಯಲ್ಲಿ ಕೂರಿಸಿದೆ. ಅಲ್ಲಿ ನಾನು ಇಟ್ಟ ನಿಯಮ ಒಂದೇ. ಕಲಾವಿದ ವಿಜ್ಞಾನಿಯ ಪಕ್ಷ ಹೇಳಬೇಕು, ವಿಜ್ಞಾನಿ ಕಲಾವಿದನ ಪಕ್ಷ ಹೇಳಬೇಕು. ಎದುರಿನವರು "ಹೌದು, ನಾನು ಹೇಳುವುದು ಇದನ್ನೇ" ಎಂದು ಒಪ್ಪುವವರೆಗೆ ಮುಂದಕ್ಕೆ ಹೋಗುವಂತಿಲ್ಲ. ಮೊದಲ ಸಂಜೆ ಎರಡೂವರೆ ಗಂಟೆ ಹಿಡಿಯಿತು. ಅರ್ಥಧಾರಿಗಳು "ಸರಾಸರಿ" ಎಂಬ ಒಂದು ಪದದಲ್ಲೇ ನಾಲ್ಕು ಸಲ ಸಿಕ್ಕಿಬಿದ್ದರು. ಸಂಶೋಧಕಿಗೆ ಪೀಠಿಕೆ, ಅಂದರೆ ಪಾತ್ರದ ಮೊದಲ ಮಾತು, ಕಟ್ಟಲು ಬರಲಿಲ್ಲ. ಪ್ರತಿ ವಾಕ್ಯಕ್ಕೂ "ಬಹುಶಃ", "ಇನ್ನೂ ಅಧ್ಯಯನ ಬೇಕು" ಎಂದು ಸೇರಿಸುತ್ತಿದ್ದರು. ಆ "ಬಹುಶಃ"ವನ್ನು ಬಿಡಿಸದೆ, ಅದನ್ನೇ ಅರ್ಥದ ಬಲವಾಗಿ ಮಾಡಿದ್ದು ಹೇಗೆ ಎಂಬುದು ನನ್ನ ಕೈಯ ಕಸುಬು, ಇಲ್ಲಿ ಬರೆಯುವುದಿಲ್ಲ. ಮೂರನೆಯ ಸಂಜೆ ಅವರಿಬ್ಬರ ಕೈಗೂ ಕೊಟ್ಟ ವಸ್ತು ಯಾವುದು ಎಂಬುದನ್ನೂ ಹೇಳುವುದಿಲ್ಲ. ನಿಜವಾಗಿ ಮಾಡುವವರು ಮನೆಗೆ ಬನ್ನಿ, ಚಹಾ ಕುಡಿಯುತ್ತ ಹೇಳುತ್ತೇನೆ.

ಈ ನಡುವೆ ಕಾವಿ ಕಲೆಯ ಹಿಂದೆಯೂ ಒಂದು ತಿಂಗಳು ಹೋದೆ. ನಮ್ಮ ಕರಾವಳಿಯ ಹಳೆಯ ಗುಡಿಗಳಲ್ಲಿ, ಘಟ್ಟದ ಮೇಲೆ ಶಿರಸಿಯ ಮಾರಿಕಾಂಬೆ ಗುಡಿಯಲ್ಲಿ, ಬಿಳಿ ಗಾರೆಯ ಮೇಲೆ ಕೆಂಪು ಬಳಿದು ಗೀರಿ ತೆಗೆದ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಆ ಗಾರೆಯ ಸುಣ್ಣ ಚಿಪ್ಪು ಸುಟ್ಟು ಮಾಡಿದ್ದು. ಹಾಗಿದ್ದರೆ ನಮ್ಮ ಅಳಿವೆಯ ಚಿಪ್ಪಿನಿಂದ ಒಂದು ಹಲಗೆ ಮಾಡೋಣವೆಂದು ಹಳೆಯ ಗಾರೆಕೆಲಸದ ಒಬ್ಬರನ್ನೂ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟರನ್ನೂ ಸೇರಿಸಿದೆ. ಹತ್ತು ಕಿಲೋ ಚಿಪ್ಪು ಸುಟ್ಟರೆ ಐದೂವರೆ ಕಿಲೋ ಉಳಿಯುತ್ತದೆಂದು ಮೇಷ್ಟರು ಮೊದಲೇ ಹೇಳಿದರು, ಉಳಿದದ್ದು ಅನಿಲವಾಗಿ ಹೋಗುತ್ತದಂತೆ. ತೂಗಿದರೆ ಏಳು ಕಿಲೋ ಬಂತು. "ಒಳಗೆ ಬೆಂದಿಲ್ಲ" ಎಂದು ಇಬ್ಬರೂ ಒಂದೇ ಉಸಿರಿಗೆ ಹೇಳಿದರು, ಒಬ್ಬರು ತೂಕ ನೋಡಿ, ಇನ್ನೊಬ್ಬರು ಚೂರನ್ನು ಉಗುರಿನಲ್ಲಿ ಗೀರಿ. ಮತ್ತೆ ಸುಟ್ಟು, ಮರಳು ಬೆಲ್ಲ ಸೇರಿಸಿ ಕುಟ್ಟಿ, ಎರಡು ವಾರ ಕೊಳೆಹಾಕಿ ಬಳಿದರೆ ಮೂರನೆಯ ದಿನ ಹಲಗೆಯ ತುಂಬ ಸಣ್ಣ ಗುಳಿಗಳು ಎದ್ದವು. "ಸುಣ್ಣ ಇನ್ನೂ ನೀರು ಕುಡಿದು ಮುಗಿಸಿಲ್ಲ" ಎಂದರು ಗಾರೆಯವರು. ಎರಡನೆಯ ಹಲಗೆ ನಿಂತಿತು. ಸುಮಾರು 6 ಸಾವಿರ ಖರ್ಚು, ಮಾರುವಂಥದ್ದೇನೂ ಆಗಲಿಲ್ಲ. ಆದರೆ ಮೇಷ್ಟರು ಹೇಳಿದ ಒಂದು ಸಂಗತಿ ನಮ್ಮ ಕೂಟಕ್ಕೆ ಬಂತು: ಸುಟ್ಟಾಗ ಕಳೆದುಕೊಂಡ ಅನಿಲವನ್ನು ಸುಣ್ಣ ಗಾಳಿಯಿಂದ ನಿಧಾನವಾಗಿ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಗೋಡೆಯಲ್ಲಿ ಮತ್ತೆ ಚಿಪ್ಪಿನ ಪದಾರ್ಥವೇ ಆಗುತ್ತದೆ.

ಕೂಟದ ರಾತ್ರಿ ಅಘನಾಶಿನಿಯ ಬಾಯಲ್ಲಿ ಅದು ಹೀಗೆ ಬಂತು: "ನನ್ನ ಮಕ್ಕಳನ್ನು ಸುಟ್ಟು ದೇವರ ಗೋಡೆಗೆ ಬಳಿದಿರಿ. ಅವರು ಅಲ್ಲಿಯೂ ಉಸಿರೆಳೆದು ಚಿಪ್ಪಾದರು." ಚೆಂಡೆಯವರು ಕೋಲು ಕೆಳಗಿಟ್ಟು ಕೇಳುತ್ತ ಕುಳಿತರು. ಆಮೇಲೆ ಅದೇ ಬಿಸಿಯಲ್ಲಿ ಅರ್ಥಧಾರಿಗಳು, "ಶರಾವತೀ, ನಿನ್ನ ಒಡಲಲ್ಲಿ ಒಂದು ಚಿಪ್ಪಾದರೂ ಬದುಕೀತೇ?" ಎಂದು ಏರಿ ಹೋದರು. ಸಂಶೋಧಕಿ ಸ್ವರ ಏರಿಸಲಿಲ್ಲ. "ತಂಗೀ, ಕಡಿಮೆ ಉಪ್ಪನ್ನು ತಾಳುವ ಚಿಪ್ಪುಗಳೂ ಲೋಕದಲ್ಲಿವೆ. ನನ್ನ ಬಡತನವನ್ನು ಹೇಳು, ನನ್ನನ್ನು ಬಂಜೆ ಎನ್ನಬೇಡ. ನೀನು ಈ ರಾತ್ರಿ ಮಾತಾಡುತ್ತಿರುವ ದೀಪದ ಬೆಳಕು ಎಲ್ಲಿಯದು?" ಎಂದರು. ಅರ್ಥಧಾರಿಗಳು ಒಂದು ಕ್ಷಣ ಸುಮ್ಮನಿದ್ದು, ಕೈಮುಗಿದು, ತಮ್ಮ ವಾದವನ್ನು ಅಲ್ಲಿಂದ ಬೇರೆ ಕಡೆಗೆ ತಿರುಗಿಸಿದರು. ಇಪ್ಪತ್ತು ವರ್ಷ ಕೂಟ ನಡೆಸಿದ್ದೇನೆ, ವಾಸ್ತವಾಂಶಕ್ಕೆ ಹೀಗೆ ತಲೆಬಾಗಿದ ಅರ್ಥವನ್ನು ನಾನು ಕೇಳಿರಲಿಲ್ಲ.

ಹಣದ ಮಾತು ಮುಗಿಸುತ್ತೇನೆ. ಒಟ್ಟು ಖರ್ಚು 31 ಸಾವಿರ ಇರಬಹುದು. ಹಾಡು, ಚೆಂಡೆ, ಮದ್ದಳೆಯ ಹಿಮ್ಮೇಳಕ್ಕೆ ಹೆಚ್ಚು ಹೋಯಿತು, ಧ್ವನಿವರ್ಧಕಕ್ಕೆ ಮೂರೂವರೆ ಸಾವಿರ. ಬಂದದ್ದು ಅಂಗಡಿಗಳ ಜಾಹೀರಾತು, ಊರವರ ಕಾಣಿಕೆ ಸೇರಿ 27 ಸಾವಿರ. ಉಳಿದದ್ದು ನನ್ನ ಕಿಸೆಯಿಂದ. ಸಂಶೋಧಕಿ ಲಕೋಟೆ ಮುಟ್ಟುವುದಿಲ್ಲ ಎಂದರು, ಕೆಲಸದ ನಿಯಮವಿದೆ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದಿದ್ದರೆ ಚಾಪೆಯ ಮೇಲೆ ಸಮಾನತೆ ಉಳಿಯುವುದಿಲ್ಲ. ಅದಕ್ಕೆ ವೇದಿಕೆಯಲ್ಲಿ ಇಬ್ಬರಿಗೂ ವೀಳ್ಯ, ತೆಂಗಿನಕಾಯಿ, ಗಜನಿಯ (ಅಳಿವೆ ಬದಿಯ ಉಪ್ಪುನೀರ ಗದ್ದೆಯ) ಕಗ್ಗ ತಳಿಯ ಅಕ್ಕಿ ಎರಡೆರಡು ಕಿಲೋ ಕೊಟ್ಟೆ. ಅರ್ಥಧಾರಿಗಳ ಸಂಭಾವನೆಯನ್ನು ಮರುದಿನ ಮನೆಗೆ ಹೋಗಿ ಕೊಟ್ಟು ಬಂದೆ. ಈ ಕ್ರಮವನ್ನು ಯಾರೂ ತಪ್ಪಿಸಬೇಡಿ.

ಜಗಲಿಯ ನಾಲ್ಕನೆಯ ಸಂಜೆ ಅರ್ಥಧಾರಿಗಳು ಕೇಳಿದ್ದ ಪ್ರಶ್ನೆಯೊಂದಿದೆ: "ಎಷ್ಟು ಉಪ್ಪು ಎನ್ನುತ್ತೀರಿ, ಸರಿ. ಒಂದೇ ಸಮ ಎಷ್ಟು ದಿನ ಉಪ್ಪಾಗಿ ಉಳಿಯುತ್ತದೆ?" ಸಂಶೋಧಕಿ ಅದನ್ನು ಬರೆದುಕೊಂಡಿದ್ದರು. ಈಗ ಅವರ ವಿದ್ಯಾರ್ಥಿಗಳು ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿಗಳಂದು ಎರಡೂ ನದಿಗಳಲ್ಲಿ ಹನಿ ತೆಗೆದು ಬರೆದಿಡುತ್ತಿದ್ದಾರೆ. ಅರ್ಥಧಾರಿಗಳು ಸುಮಾರು ಎರಡು ಸಾವಿರ ಕೊಟ್ಟು ತಮ್ಮದೇ ಒಂದು ರಿಫ್ರಾಕ್ಟೋಮೀಟರ್ ತರಿಸಿಕೊಂಡಿದ್ದಾರೆ. ಮೊನ್ನೆ ಅಷ್ಟಮಿಯ ಬೆಳಿಗ್ಗೆ ಆರಕ್ಕೆ ನನಗೆ ಅವರ ಫೋನ್ ಬಂತು. "ಬರೆದುಕೊಳ್ಳಿ, 26. ಮೊದಲು ನಾಲಿಗೆಯಲ್ಲಿ ನೋಡಿದೆ, 25 ಅನ್ನಿಸಿತ್ತು."