ಹತ್ತು ಕೊಡ ನೀರು, ಏಳು ದಿನ ಮರಳುಗಾಡು

ಮಿನ್ನೆಸೋಟದಲ್ಲಿ ಜನವರಿ ಅಂದರೆ ಮನೆ ಮುಂದಿನ ಹಿಮ ಗೋರುವುದು, ಒಳಗೆ ಬಂದು ಕಾಫಿ ಕುಡಿಯುವುದು, ಮತ್ತೆ ಹೋಗಿ ಗೋರುವುದು. ಮೈನಸ್ 20 ಡಿಗ್ರಿ ಅಲ್ಲಿ ಸುದ್ದಿಯೇ ಅಲ್ಲ. ಅರವತ್ತು ದಾಟಿದ ಮೇಲೆ ನನ್ನ ಸೊಂಟ ಕೈಕೊಡೋಕೆ ಶುರುವಾಯಿತು. ಆಗಲೇ ನಾವೂ ಸ್ನೋಬರ್ಡ್ ಆದದ್ದು. ಚಳಿಗಾಲದಲ್ಲಿ ದಕ್ಷಿಣಕ್ಕೆ ಹೊರಟು, ಹಿಮ ಕರಗಿದ ಮೇಲೆ ಮನೆಗೆ ಮರಳುವವರಿಗೆ ಅಮೆರಿಕ, ಕೆನಡಾಗಳಲ್ಲಿ ಇರುವ ಹೆಸರು ಅದು. ಹೆಚ್ಚಿನವರು ನಿವೃತ್ತರು. ಕೆಲವರು ಫ್ಲಾರಿಡಾದ ಕಡಲತೀರಕ್ಕೆ ಹೋಗುತ್ತಾರೆ. ನಮ್ಮಂಥವರು ಅರಿಜೋನಾದ ಕ್ವಾರ್ಟ್ಸೈಟ್ ಎಂಬ ಊರಿನ ಸುತ್ತಲ ಬಯಲಿಗೆ.

ನಾವು ಮೂರು ಜೋಡಿ. ಗಂಡಸರೆಲ್ಲ ಮೈಸೂರಲ್ಲಿ ಒಟ್ಟಿಗೆ ಇಂಜಿನಿಯರಿಂಗ್ ಓದಿದವರು. ಎಡ್ಮಂಟನ್‌ನ ಗೆಳೆಯ ಸ್ವಂತ ಟ್ರೇಲರ್ ಎಳೆದುಕೊಂಡು ಬಂದು ಮೂರು ತಿಂಗಳು ಅಲ್ಲೇ ಬೀಡುಬಿಡುತ್ತಾನೆ. ಶಿಕಾಗೋದವನು ಮತ್ತು ನಾನು ಒಂದು ವಾರಕ್ಕೆ ಆರ್‌ವಿ ಬಾಡಿಗೆಗೆ ಹಿಡಿದು ಅವನ ಪಕ್ಕ ನಿಲ್ಲುತ್ತೇವೆ. ಆರ್‌ವಿ ಅಂದರೆ ಗೊತ್ತಲ್ಲ, ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಬಂಡಿ. ಮೊದಲ ಸಲ ಹೋಗುವವರಿಗೆ ಒಂದು ವಾರವೇ ಸರಿ. ಅದನ್ನು ಹೇಗೆ ಮಾಡುವುದು ಅಂತ ಹೇಳುತ್ತೇನೆ.

ತಿಂಗಳು ಯಾವುದು, ಜಾಗ ಎಲ್ಲಿ

ಕ್ವಾರ್ಟ್ಸೈಟ್ ಇರುವುದು ಫೀನಿಕ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ, ಐ-10 ಹೆದ್ದಾರಿಯ ಮೇಲೆ. 2020ರ ಜನಗಣತಿಯ ಪ್ರಕಾರ ಊರಿನ ಜನಸಂಖ್ಯೆ 2,413. ಚಳಿಗಾಲದಲ್ಲಿ ಸುತ್ತಲ ಬಯಲು ನೋಡಿದರೆ ಈ ಲೆಕ್ಕ ನಂಬುವುದೇ ಕಷ್ಟ. ಕಣ್ಣು ಹೋದಷ್ಟು ದೂರ ಬಿಳಿ ಬಂಡಿಗಳು.

ಜನವರಿಯ ದ್ವಿತೀಯಾರ್ಧದಲ್ಲಿ ಅಲ್ಲಿ ದೊಡ್ಡ ಆರ್‌ವಿ ಪ್ರದರ್ಶನ ನಡೆಯುತ್ತದೆ. ಜಾತ್ರೆ ನೋಡುವ ಆಸೆ ಇದ್ದರೆ ಆಗ ಹೋಗಿ. ನನ್ನನ್ನು ಕೇಳಿದರೆ ಫೆಬ್ರವರಿ ವಾಸಿ. ಕ್ಯೂ ಕಮ್ಮಿ, ಬಾಡಿಗೆ ಬಂಡಿ ಸಿಗುವುದೂ ಸಲೀಸು. ಹಗಲು 20 ಡಿಗ್ರಿ ಆಸುಪಾಸು, ನಮ್ಮ ಮೈಸೂರಿನ ಡಿಸೆಂಬರ್ ಬೆಳಗಿನ ಬಿಸಿಲಿನ ಹಾಗೆ. ರಾತ್ರಿ ಮಾತ್ರ ಐದಕ್ಕೆ ಇಳಿಯುತ್ತದೆ, ಒಮ್ಮೊಮ್ಮೆ ಇನ್ನೂ ಕೆಳಗೆ.

ಊರ ದಕ್ಷಿಣಕ್ಕೆ ಲಾ ಪೋಸಾ ಅಂತ 11,400 ಎಕರೆ ಸರ್ಕಾರಿ ಬಯಲಿದೆ. ನೋಡಿಕೊಳ್ಳುವುದು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಎಲ್ಲರ ಬಾಯಲ್ಲಿ ಬಿಎಲ್‌ಎಂ. ಚಳಿಗಾಲಕ್ಕೆ ಬರುವವರಿಗಾಗಿ 1983ರಿಂದ ಇಂಥ ಜಾಗಗಳನ್ನು ಬಿಟ್ಟುಕೊಟ್ಟಿದ್ದಾರೆ. ಸೀಸನ್ ಸೆಪ್ಟೆಂಬರ್ 15ರಿಂದ ಏಪ್ರಿಲ್ 15. ನಾವು ಹೋದಾಗ ಪೂರ್ತಿ ಸೀಸನ್‌ಗೆ 180 ಡಾಲರ್, 14 ದಿನಕ್ಕೆ 40 ಡಾಲರ್ ಇತ್ತು. ಹೊರಡುವ ಮುಂಚೆ ಈಗಿನ ದರ ನೋಡಿಕೊಳ್ಳಿ. ಬುಕಿಂಗ್ ಇಲ್ಲ, ಸೈಟ್ ನಂಬರ್ ಇಲ್ಲ. ಬಾಗಿಲಲ್ಲಿ ದುಡ್ಡು ಕಟ್ಟಿ, ಸ್ಟಿಕ್ಕರ್ ಗಾಜಿಗೆ ಅಂಟಿಸಿ, ಇಷ್ಟ ಬಂದ ಕಡೆ ನಿಲ್ಲಿ. ಊರಿನ ಬೇರೆ ದಿಕ್ಕುಗಳಲ್ಲಿ 14 ದಿನ ಪುಕ್ಕಟೆ ನಿಲ್ಲುವ ಬಯಲುಗಳೂ ಇವೆ. ಆದರೆ ನಲ್ಲಿ, ಕಸದ ತೊಟ್ಟಿ, ಟ್ಯಾಂಕ್ ಖಾಲಿ ಮಾಡುವ ಜಾಗ ಇರುವುದು ಲಾ ಪೋಸಾದಲ್ಲಿ. ಹೊಸಬರು 40 ಡಾಲರ್ ಉಳಿಸಲು ಹೋಗಬೇಡಿ.

ನಿಲ್ಲಿಸುವುದು

ಮರಳುಗಾಡು ಅನ್ನುತ್ತೇವೆ, ಆದರೆ ಇಲ್ಲಿ ಮರಳು ಅಪರೂಪ. ನೆಲ ಪೂರ್ತಿ ಕಂದು ಬಣ್ಣದ ಚಪ್ಪಟೆ ಕಲ್ಲು, ಯಾರೋ ಕೂತು ಜೋಡಿಸಿದ ಹಾಗೆ. ಎಲ್ಲಾದರೂ ಮೆತ್ತನೆ ಮರಳು ಕಂಡಿತೋ, ಅದು ಹಳ್ಳ. ಅಲ್ಲಿ ನಿಲ್ಲಿಸಬೇಡಿ. ಎಲ್ಲೋ ದೂರದ ಬೆಟ್ಟದಲ್ಲಿ ಮಳೆಯಾದರೂ ನೀರು ನುಗ್ಗುವುದು ಇಲ್ಲಿಗೇ.

ಬಂಡಿ ಮಟ್ಟವಾಗಿ ನಿಲ್ಲಬೇಕು. ಗ್ಯಾಸಿನಿಂದ ನಡೆಯುವ ಫ್ರಿಜ್ ಓರೆಯಾಗಿ ನಿಂತರೆ ಸರಿಯಾಗಿ ತಂಪಾಗುವುದಿಲ್ಲ. ಮಟ್ಟ ನೋಡಲು ಫೋನಿನಲ್ಲಿ ಆ್ಯಪ್ ಇದೆ. ನನ್ನ ಹೆಂಡತಿ ಕಾವಲಿಗೆ ಎಣ್ಣೆ ಬಿಟ್ಟು ನೋಡುತ್ತಾಳೆ. ಎಣ್ಣೆ ಒಂದು ಕಡೆ ಓಡಿದರೆ ಆ ಕಡೆ ಚಕ್ರದ ಕೆಳಗೆ ಹಲಗೆ. ಆ್ಯಪ್‌ಗಿಂತ ಕಾವಲಿಯೇ ಪಕ್ಕಾ.

ಬಂಡಿಯಿಂದ ಬಂಡಿಗೆ ಕನಿಷ್ಠ 15 ಅಡಿ ಬಿಡಬೇಕೆಂಬ ನಿಯಮವಿದೆ. ಗೆಳೆಯರಾದರೂ ನೀವು ಅದರ ನಾಲ್ಕರಷ್ಟು ಬಿಡಿ. ಗೊರಕೆ ವಿಷಯ, ಬಾಯಿ ಬಿಟ್ಟು ಹೇಳೋ ಹಾಗಿಲ್ಲ ಅಲ್ವಾ. ಬಾಗಿಲುಗಳು ಮಾತ್ರ ಒಂದೇ ಅಂಗಳಕ್ಕೆ ತೆರೆಯುವ ಹಾಗೆ ನಿಲ್ಲಿಸಿಕೊಳ್ಳಿ.

ನೀರು

ಇದೊಂದು ಸರಿಹೋದರೆ ವಾರ ಸರಿಹೋಯಿತು. ಬಾಡಿಗೆ ಬಂಡಿಯ ಟ್ಯಾಂಕಿನಲ್ಲಿ ಸುಮಾರು 40 ಗ್ಯಾಲನ್ ನೀರು ಹಿಡಿಯುತ್ತದೆ. ಅಂದರೆ 150 ಲೀಟರ್, ಹೆಚ್ಚುಕಮ್ಮಿ ಹತ್ತು ಕೊಡ. ಏಳು ದಿನಕ್ಕೆ ಹಂಚಿದರೆ ಇಬ್ಬರಿಗೂ ಸೇರಿ ದಿನಕ್ಕೆ 21 ಲೀಟರ್. ಮಿನ್ನೆಸೋಟದ ಮನೆಯಲ್ಲಿ ಎರಡೂವರೆ ನಿಮಿಷ ಷವರ್ ಕೆಳಗೆ ನಿಂತರೆ ಅಷ್ಟು ಮುಗಿಯುತ್ತದೆ.

ಮೊದಲ ವರ್ಷ ನಾನು ಈ ಲೆಕ್ಕ ಹೇಳಿ ಹೌಹಾರಿದ್ದಕ್ಕೆ ಶಿಕಾಗೋದ ಗೆಳೆಯ ನಕ್ಕುಬಿಟ್ಟ. ಅವನು ಅರಸೀಕೆರೆ ಕಡೆಯವನು. ‘ಲೋ, ನಮ್ಮನೇಲಿ ವಾರಕ್ಕೊಂದ್ಸಲ ನಲ್ಲಿ ಬರ್ತಿತ್ತು. ಆರು ಜನ. ನೀನೊಳ್ಳೆ!’ ಅಂದ. ಆಮೇಲೆ ಅವನೇ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ: ಕಕ್ಕಸಿಗೆ 6, ಪಾತ್ರೆಗೆ 6, ಸ್ನಾನ ತಲೆಗೆ 4ರಂತೆ 8, ಹಲ್ಲು-ಮುಖಕ್ಕೆ 1. ಕುಡಿಯುವ ನೀರು, ಅಡುಗೆ ನೀರು ಇದರಲ್ಲಿ ಸೇರಿಲ್ಲ. ಅದನ್ನು ಊರಲ್ಲಿ ಕ್ಯಾನ್‌ಗೆ ತುಂಬಿಸಿಕೊಳ್ಳಬೇಕು.

ಸ್ನಾನಕ್ಕೆ ಷವರ್ ಮುಟ್ಟಬೇಡಿ. ಬಿಸಿನೀರು ಬರುವವರೆಗೆ ಹರಿಯುವ ತಣ್ಣೀರೇ ಎರಡು ಲೀಟರ್. ಆ ತಣ್ಣೀರನ್ನು ಪಾತ್ರೆಗೆ ಹಿಡಿದಿಟ್ಟುಕೊಂಡು, ಪುಟ್ಟ ಬಕೆಟ್ಟು, ಚೊಂಬು ತಗೊಳ್ಳಿ. ಚೊಂಬಿನ ಸ್ನಾನ ಗೊತ್ತಿರುವವರಿಗೆ ನಾಲ್ಕು ಲೀಟರ್ ಸಾಕು. ನಮ್ಮ ಪಕ್ಕದ ಬಂಡಿಯ ಅಮೆರಿಕನ್ ದಂಪತಿ ಇದನ್ನು ಕೇಳಿ, ಮರುದಿನವೇ ಊರಿಗೆ ಹೋಗಿ ಪ್ಲಾಸ್ಟಿಕ್ ಮಗ್ ತಂದರು.

ಅಡುಗೆಯನ್ನೂ ಪಾತ್ರೆ ತೊಳೆಯುವ ನೀರಿನ ಲೆಕ್ಕದಲ್ಲೇ ಆರಿಸಬೇಕು. ದೋಸೆ ಉತ್ತಮ, ಕಾವಲಿ ತೊಳೆಯುವುದೇ ಬೇಡ. ಚಿತ್ರಾನ್ನ, ಅವಲಕ್ಕಿ ಪರವಾಗಿಲ್ಲ. ಇಡ್ಲಿ ತಟ್ಟೆ ನೀರು ಕುಡಿಯುತ್ತದೆ. ಮುದ್ದೆಯಂತೂ ಕೇಳಲೇಬೇಡಿ, ತಿನ್ನುವುದಕ್ಕೆ ಎರಡು ನಿಮಿಷ, ಆ ಪಾತ್ರೆ ನೆನೆಸಿ ಉಜ್ಜುವುದಕ್ಕೆ ಅರ್ಧ ಕೊಡ. ಆದರೂ ಮೂರನೇ ದಿನ ಮಾಡಿದೆವು, ಅದು ಬೇರೆ ಮಾತು. ತಟ್ಟೆಗಳನ್ನು ಮೊದಲು ಪೇಪರ್‌ನಲ್ಲಿ ಒರೆಸಿ, ಆಮೇಲೆ ನೀರು ಮುಟ್ಟಿಸಿ. ದಿನಸಿ ಎಲ್ಲ ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲೇ ಕೊಂಡುಬಿಡಿ. ಅಲ್ಲಿ ನಮ್ಮ ಅಂಗಡಿಗಳಿವೆ. ಆಮೇಲೆ ಕರಿಬೇವು ಅಂದರೆ ಸಿಗುವುದಿಲ್ಲ.

ಬಳಸಿದ ನೀರಿಗೂ ಟ್ಯಾಂಕಿದೆ, ಎರಡು. ಬಚ್ಚಲು-ಸಿಂಕಿನದು ಗ್ರೇ, ಕಕ್ಕಸಿನದು ಬ್ಲ್ಯಾಕ್. ಪಾತ್ರೆ ತೊಳೆದ ನೀರು ಗಿಡಕ್ಕೆ ಹಾಕೋಣ ಎಂದು ನಮಗೆ ಅನ್ನಿಸುವುದು ಸಹಜ. ಇಲ್ಲಿ ನೆಲಕ್ಕೆ ಚೆಲ್ಲುವಂತಿಲ್ಲ. ಸಾಮಾನ್ಯವಾಗಿ ಮೊದಲು ತುಂಬುವುದು ಗ್ರೇ. ಹಾಗಂತ ಕಕ್ಕಸಿಗೆ ನೀರು ಕಮ್ಮಿ ಮಾಡಬೇಡಿ. ಅಲ್ಲಿ ಜಿಪುಣತನ ಮಾಡಿದರೆ ಕೆಳಗೆ ಗಟ್ಟಿಯಾಗಿ ಕೂರುತ್ತದೆ, ಮುಂದಿನ ಕಥೆ ಊಟದ ಹೊತ್ತಿನಲ್ಲಿ ಓದುವವರಿಗೆ ಬೇಡ. ವಾರಗಟ್ಟಲೆ ಇರುವವರು ಜಾಗ ಬಿಟ್ಟು ಕದಲುವುದಿಲ್ಲ. ಹನಿ ವ್ಯಾಗನ್ ಎಂಬ ಲಾರಿಗೆ ಫೋನ್ ಮಾಡುತ್ತಾರೆ, ಅದು ಬಂದು ಟ್ಯಾಂಕಿನಲ್ಲಿರುವುದನ್ನು ಹೀರಿಕೊಂಡು ಹೋಗುತ್ತದೆ. ಜೇನಿನ ಹೆಸರು ಇಟ್ಟವರು ಯಾರೋ!

ರಾತ್ರಿ

ಕತ್ತಲೆ ಬೇಗ. ಏಳಕ್ಕೆಲ್ಲ ನಕ್ಷತ್ರ. ಹತ್ತರಿಂದ ಬೆಳಗ್ಗೆ ಆರರವರೆಗೆ ಜನರೇಟರ್ ಹಾಕುವಂತಿಲ್ಲ. ಎರಡನೇ ರಾತ್ರಿ ನಾವು ಎಡವಿದ್ದು ಇಲ್ಲೇ. ಹೀಟರ್ ಓಡುವುದು ಗ್ಯಾಸಿನಿಂದ, ಹಾಗಾಗಿ ಕರೆಂಟ್ ಚಿಂತೆಯಿಲ್ಲ ಅಂದುಕೊಂಡಿದ್ದೆ. ಆದರೆ ಬಿಸಿಗಾಳಿ ಊದುವ ಫ್ಯಾನು ಬ್ಯಾಟರಿಯದು. ಬಾಡಿಗೆ ಬಂಡಿಯ ಹಳೇ ಬ್ಯಾಟರಿ ರಾತ್ರಿ ಮೂರಕ್ಕೆ ಕೈಯೆತ್ತಿತು. ಮಂಕಿ ಕ್ಯಾಪು, ಎರಡು ಸ್ವೆಟರು, ಮೇಲೆ ರಗ್ಗು ಹೊದ್ದು ಬೆಳಗಾಗುವುದನ್ನೇ ಕಾಯ್ದೆವು. ಮಲಗುವ ಮುಂಚೆ ಹೀಟರ್ ಕಡಿಮೆಗೆ ಇಳಿಸಿ, ಬಿಸಿನೀರಿನ ರಬ್ಬರ್ ಚೀಲ ಕಾಲ ಬಳಿ ಇಟ್ಟುಕೊಳ್ಳಿ. ಸಂಜೆ ಎರಡು ತಾಸು ಜನರೇಟರ್ ಓಡಿಸಿ ಬ್ಯಾಟರಿ ತುಂಬಿಸಿ. ಎಷ್ಟೇ ಚಳಿಯಾದರೂ ಒಲೆ ಹಚ್ಚಿಟ್ಟು ಮಲಗಬೇಡಿ. ಮುಚ್ಚಿದ ಬಂಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿದರೆ ಎಚ್ಚರವೇ ಆಗುವುದಿಲ್ಲ. ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಬಂಡಿ ತೆಗೆದುಕೊಳ್ಳುವಾಗಲೇ ಒತ್ತಿ ನೋಡಿ.

ಹಳಬರ ಬಂಡಿಗಳ ಕೆಳಗೆ ದೀಪಾವಳಿ ಸರದ ಹಾಗೆ ಲೈಟು ಉರಿಯುತ್ತಿರುತ್ತದೆ. ಅಲಂಕಾರ ಅಂದುಕೊಂಡಿದ್ದೆವು. ಇಲಿಗಳಿಗಂತೆ. ಬಂಡಿಯ ಹೊಟ್ಟೆಯೊಳಗೆ ಹೊಕ್ಕು ವೈರು ಕಡಿಯುವ ಇಲಿಗಳು ಬೆಳಕಿಗೆ ಹೆದರಿ ಬರುವುದಿಲ್ಲ ಎಂದು ಅವರ ಲೆಕ್ಕ. ನಾವೂ ಹತ್ತು ಡಾಲರ್‌ದು ಒಂದು ಸರ ಕಟ್ಟಿದೆವು.

ಹಗಲು

ಊರಲ್ಲಿ ನೋಡಲೇಬೇಕಾದ್ದು ಹೈ ಜಾಲಿ ಸಮಾಧಿ. 1856ರಲ್ಲಿ ಅಮೆರಿಕದ ಸೇನೆ ಮರುಭೂಮಿಯಲ್ಲಿ ಸಾಮಾನು ಸಾಗಿಸಲು ಹಡಗಿನಲ್ಲಿ ಒಂಟೆಗಳನ್ನು ತರಿಸಿತು. ಜತೆಗೆ ಬಂದ ಒಂಟೆ ಕಾಯುವವರಲ್ಲಿ ಹಾಜಿ ಅಲಿ ಒಬ್ಬ. ಸಿಪಾಯಿಗಳ ಬಾಯಲ್ಲಿ ಹೆಸರು ಹೈ ಜಾಲಿ ಆಯಿತು. ಒಂಟೆ ಯೋಜನೆ ನಿಂತುಹೋಯಿತು, ಅವನು ಇಲ್ಲೇ ಉಳಿದ. 1902ರಲ್ಲಿ ತೀರಿಕೊಂಡ. ಸಮಾಧಿಯ ಮೇಲೆ 1935ರಲ್ಲಿ ಕಟ್ಟಿದ ಕಲ್ಲಿನ ಪಿರಮಿಡ್ಡು, ತುದಿಯಲ್ಲಿ ಲೋಹದ ಪುಟ್ಟ ಒಂಟೆ. ಬೇರೆ ನೆಲದಲ್ಲಿ ಬೇರೆ ಹೆಸರಾಗಿ ಉಳಿದವನ ಮುಂದೆ ನಾವು ಆರೂ ಜನ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆವು.

ಇನ್ನೊಂದು ದಿನ ಪಾಮ್ ಕ್ಯಾನಿಯನ್‌ಗೆ ಇಡಿ. ಹೆದ್ದಾರಿ 95ರಲ್ಲಿ ದಕ್ಷಿಣಕ್ಕೆ 18 ಮೈಲಿ, ಅಲ್ಲಿಂದ ಎಡಕ್ಕೆ 7 ಮೈಲಿ ಕಲ್ಲುರಸ್ತೆ, ಆಮೇಲೆ ಅರ್ಧ ಮೈಲಿ ನಡಿಗೆ. ಕೋಫಾ ವನ್ಯಧಾಮದ ಬಂಡೆಯ ಸೀಳಿನಲ್ಲಿ ತಾವಾಗಿಯೇ ಬೆಳೆದ ತಾಳೆ ಜಾತಿಯ ಮರಗಳಿವೆ. ಆ ಸೀಳಿಗೆ ಬಿಸಿಲು ಬೀಳುವುದು ನಡುಹಗಲಿನ ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ ಊಟ ಕಟ್ಟಿಕೊಂಡು ಹನ್ನೊಂದಕ್ಕೆಲ್ಲ ಅಲ್ಲಿರಿ. ಬಾಡಿಗೆ ಆರ್‌ವಿಯನ್ನು ಆ ರಸ್ತೆಗೆ ಇಳಿಸಬೇಡಿ, ಪಾತ್ರೆಗಳೆಲ್ಲ ಕುಣಿಯುತ್ತವೆ. ನಾವು ಎಡ್ಮಂಟನ್ ಗೆಳೆಯನ ಟ್ರಕ್ಕಿನಲ್ಲಿ ಹೋದೆವು.

ಜೇಬಿನಲ್ಲಿ ಒಂದು ಬಾಚಣಿಗೆ ಇರಲಿ. ಚೋಯಾ ಅಂತ ಕಳ್ಳಿ, ದೂರದಿಂದ ಮುದ್ದು ಕರಡಿಯ ಹಾಗೆ ಕಾಣುತ್ತದೆ. ಹತ್ತಿರ ಸುಳಿದರೆ ಸಾಕು, ನಿಂಬೆಗಾತ್ರದ ತುಂಡು ಬಟ್ಟೆಗೋ ಚರ್ಮಕ್ಕೋ ಕಚ್ಚಿಕೊಳ್ಳುತ್ತದೆ. ಕೈಯಲ್ಲಿ ಕೀಳಲು ಹೋದರೆ ಕೈಗೂ ಅಂಟುತ್ತದೆ. ನನ್ನ ಹೆಂಡತಿಯ ಮೀನಖಂಡಕ್ಕೆ ಅಂಟಿದ್ದನ್ನು ತೆಗೆದದ್ದು ಹೀಗೆ: ಬಾಚಣಿಗೆಯ ಹಲ್ಲನ್ನು ತುಂಡಿಗೂ ಚರ್ಮಕ್ಕೂ ನಡುವೆ ತೂರಿಸಿ, ಒಂದೇ ಸಲಕ್ಕೆ ಮೀಟಿ ಹಾರಿಸುವುದು. ಎದುರಿಗೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಉಳಿದ ಸಣ್ಣ ಮುಳ್ಳಿಗೆ ಚಿಮಟ.

ಹಲವರು ದಕ್ಷಿಣದ ಯೂಮಾ ಊರು ದಾಟಿ, ಮೆಕ್ಸಿಕೋ ಗಡಿಯಾಚೆಯ ಲಾಸ್ ಆಲ್ಗೊಡೊನೆಸ್‌ಗೆ ಅಗ್ಗದ ಹಲ್ಲು ಚಿಕಿತ್ಸೆಗೆ, ಕನ್ನಡಕಕ್ಕೆ ಹೋಗುತ್ತಾರೆ. ಊರಿನಿಂದ ಬಂದ ಅಪ್ಪ-ಅಮ್ಮ ಜತೆಗಿದ್ದರೆ ಅವರ ವೀಸಾದಲ್ಲಿ ಮತ್ತೆ ಒಳಬರಬಹುದೇ ಎಂದು ನೋಡದೆ ಗಡಿ ದಾಟಬೇಡಿ. ಗಡಿಗೆ ಹೋಗದಿದ್ದರೂ, ಯೂಮಾದಿಂದ ವಾಪಸ್ ಬರುವ ದಾರಿಯಲ್ಲಿ ತಪಾಸಣೆ ಠಾಣೆಯಿದೆ. ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಜತೆಗಿರಲಿ.

ಮಾತ್ರೆಗಳನ್ನು ಹತ್ತು ದಿನಕ್ಕಾಗುವಷ್ಟು ತನ್ನಿ. 35 ಮೈಲಿ ದೂರದ ಪಾರ್ಕರ್ ಊರಿನಲ್ಲಿ ಆಸ್ಪತ್ರೆಯಿದೆ. ಕೊಬ್ಬರಿ ಎಣ್ಣೆ ಬಾಟಲಿ ಮರೆಯಬೇಡಿ, ಆ ಒಣಗಾಳಿಗೆ ತುಟಿ ಎರಡೇ ದಿನದಲ್ಲಿ ಸೀಳುತ್ತದೆ.

ದಿನಾ ನಾಲ್ಕು ಗಂಟೆಗೆ ಬಯಲಿನ ತುಂಬ ಮಡಚು ಕುರ್ಚಿಗಳು ಹೊರಬರುತ್ತವೆ. ಅವರವರ ಕುರ್ಚಿ, ಅವರವರ ಲೋಟ ಹಿಡಿದು ಯಾರ ಅಂಗಳಕ್ಕೆ ಬೇಕಾದರೂ ಹೋಗಿ ಕೂರಬಹುದು. ಅವರದು ಬಿಯರು, ನಮ್ಮದು ಫಿಲ್ಟರ್ ಕಾಫಿ. ಬೆಂಕಿ ಹಾಕಲು ಸೌದೆ ಊರಲ್ಲಿ ಕಟ್ಟಿನ ಲೆಕ್ಕದಲ್ಲಿ ಸಿಗುತ್ತದೆ, ಕೊಂಡೇ ತನ್ನಿ.

ಏಳನೇ ಬೆಳಗ್ಗೆ

ತಲೆಸ್ನಾನವನ್ನು ಈ ದಿನಕ್ಕೆ ಉಳಿಸಿಕೊಳ್ಳಿ. ಹೇಗೂ ಟ್ಯಾಂಕ್ ಖಾಲಿ ಮಾಡಲು ಹೊರಟಿರುತ್ತೀರಿ. ಕೈಗವಸು ಹಾಕಿ, ದಪ್ಪ ಪೈಪು ಜೋಡಿಸಿ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪುನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಈ ಕ್ರಮ ತಪ್ಪಿದವರನ್ನು ಕ್ಯೂನಲ್ಲಿರುವವರು ನೋಡುವ ನೋಟವೇ ಬೇರೆ.

ನಾವು ಹೋದ ವರ್ಷ ಅತಿ ಲೆಕ್ಕ ಮಾಡಿದ್ದೆವು. ಕೊನೆಯ ದಿನ ಟ್ಯಾಂಕಿನಲ್ಲಿ ಇನ್ನೂ ಮೂರು ಕೊಡ ನೀರು ಉಳಿದಿತ್ತು. ಅರಸೀಕೆರೆ ಗೆಳೆಯನಿಗೆ ಹೇಳಿದರೆ, ‘ಚೆಲ್ಲಬೇಡ, ಬಂದೆ ಇರು’ ಅಂದವನೇ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದ. ಒಳಗೆ ಹೋಗಿ ಷವರ್ ತಿರುಗಿಸಿ ಹಾಡುತ್ತಾ ನಿಂತ. ಎರಡನೇ ಚರಣ ಮುಗಿಯುವಷ್ಟರಲ್ಲಿ ಗ್ರೇ ಟ್ಯಾಂಕ್ ತುಂಬಿ, ಬಚ್ಚಲಿನಿಂದ ನೀರು ಹಿಂದಕ್ಕೆ ಉಕ್ಕಿ ಅವನ ಪಾದಕ್ಕೆ ಬಂತು. ‘ಅಣ್ಣಾ, ಸಾಕು ನಿಲ್ಸಿ!’ ಎಂದು ಹೊರಗಿನಿಂದ ನನ್ನ ಹೆಂಡತಿ ಕೂಗುತ್ತಿದ್ದಳು. ತಲೆತುಂಬ ಸೋಪು ನೊರೆ ಹಾಗೇ ಇಟ್ಟುಕೊಂಡು, ಟವೆಲ್ ಸುತ್ತಿಕೊಂಡು, ಅವನು ತನ್ನ ಬಂಡಿಯ ಕಡೆ ಓಡಿದ.