ಆಸ್ಟ್ರೇಲಿಯಾದ ಮನೆಗೆ ಎಷ್ಟು ಕಿಲೋವ್ಯಾಟ್‌ನ ಡಕ್ಟೆಡ್ ಏಸಿ ಬೇಕು?

ಊರಲ್ಲಿ ಏಸಿ ಕೊಳ್ಳುವಾಗ ಇರುವ ಪ್ರಶ್ನೆ ಒಂದೇ: ಒಂದು ಟನ್ನೋ, ಒಂದೂವರೆ ಟನ್ನೋ? ಒಂದು ಕೋಣೆ, ಒಂದು ಮಷೀನು, ಲೆಕ್ಕ ಮುಗಿಯಿತು. ಆಸ್ಟ್ರೇಲಿಯಾದಲ್ಲಿ ಮನೆ ಕಟ್ಟಿಸುವಾಗ ಬಿಲ್ಡರ್ ಕೊಡುವ ಪಟ್ಟಿಯಲ್ಲಿ ಟನ್ ಕಾಣುವುದಿಲ್ಲ, ಕಿಲೋವ್ಯಾಟ್ ಇರುತ್ತದೆ. ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್. 14 ಕಿಲೋವ್ಯಾಟ್ ಎಂಬುದನ್ನು ಓದಿ ಕರೆಂಟ್ ಬಿಲ್ ನೆನೆದು ಬೆಚ್ಚಬೇಡಿ. ಅದು ಮಷೀನು ಕೊಡುವ ತಂಪಿನ ಅಳತೆ. ಎಳೆಯುವ ಕರೆಂಟು ಸುಮಾರಾಗಿ ಅದರ ಮೂರನೇ ಒಂದು ಭಾಗ.

ಡಕ್ಟೆಡ್ ಎಂದರೆ ಚಾವಣಿಯ ಮೇಲೆ, ಹೆಂಚಿನ ಕೆಳಗೆ ಒಂದು ದೊಡ್ಡ ಘಟಕ. ಅಲ್ಲಿಂದ ಕೊಳವೆಗಳ ಮೂಲಕ ಕೋಣೆಕೋಣೆಗೂ ಗಾಳಿ. ರಿವರ್ಸ್ ಸೈಕಲ್ ಆದರೆ ಅದೇ ಮಷೀನು ಚಳಿಗಾಲದಲ್ಲಿ ಬಿಸಿ ಗಾಳಿ ಕೊಡುತ್ತದೆ.

ಗೆಳೆಯರನ್ನು ಕೇಳಿದರೆ "ನಾಲ್ಕು ಬೆಡ್‌ರೂಮಾ? 16 ಹಾಕಿಸಿಬಿಡಿ" ಎನ್ನುತ್ತಾರೆ. ಮಾರುವವರಲ್ಲೂ ಕೆಲವರು ಮನೆಯ ವಿಸ್ತೀರ್ಣವನ್ನು ಚದರ ಮೀಟರಿಗೆ 150 ವ್ಯಾಟ್‌ನಂತೆ ಗುಣಿಸಿ ಮುಗಿಸುತ್ತಾರೆ. ಎಡವಟ್ಟಾಗುವುದು ಅಲ್ಲೇ. ಇಲ್ಲಿನ ಬಿಲ್ಡರುಗಳು "30 ಸ್ಕ್ವೇರ್ ಮನೆ" ಎನ್ನುವಾಗ ಒಂದು ಸ್ಕ್ವೇರ್ ಎಂದರೆ 100 ಚದರಡಿ, ಅಂದರೆ ಸುಮಾರು 9.3 ಚದರ ಮೀಟರ್. ಆ 30ರಲ್ಲಿ ಎರಡು ಕಾರಿನ ಗ್ಯಾರೇಜು, ಮುಂದಿನ ಪೋರ್ಚು, ಹಿಂದಿನ ಆಲ್ಫ್ರೆಸ್ಕೊ (ಸೂರಿನಡಿಯ ತೆರೆದ ಜಗಲಿ) ಎಲ್ಲವೂ ಸೇರಿರುತ್ತವೆ. ಗ್ಯಾರೇಜನ್ನು ತಂಪು ಮಾಡುವವರು ಯಾರು? ಬಚ್ಚಲು, ಲಾಂಡ್ರಿ, ಸ್ಟೋರನ್ನೂ ಕಳೆದ ಮೇಲೆ ಉಳಿಯುವ ಜಾಗವಷ್ಟೇ ಲೆಕ್ಕಕ್ಕೆ ಬರಬೇಕು.

ಆ ಉಳಿದ ಜಾಗವೂ ಒಂದೇ ಹೊತ್ತಿಗೆ ತಂಪಾಗಬೇಕಿಲ್ಲ. ಝೋನ್, ಅಂದರೆ ಬೇಕಾದಾಗ ಗಾಳಿ ಬಿಟ್ಟು ಬೇಡವಾದಾಗ ಮುಚ್ಚಬಲ್ಲ ಮನೆಯ ಭಾಗಗಳು, ಇರುವುದೇ ಅದಕ್ಕೆ. ಅಡುಗೆಮನೆ, ಊಟದ ಮನೆ, ಹಾಲ್ ಸೇರಿದ ದೊಡ್ಡ ಭಾಗ 55 ಚದರ ಮೀಟರ್ ಇದೆ, ನಾಲ್ಕು ಬೆಡ್‌ರೂಮು ಸೇರಿ 60 ಇದೆ ಎಂದಿಟ್ಟುಕೊಳ್ಳಿ. ಮೊದಲನೆಯದಕ್ಕೆ 150 ವ್ಯಾಟ್, ಎರಡನೆಯದಕ್ಕೆ 120 ವ್ಯಾಟ್ ಹಿಡಿದರೆ 8.25 ಮತ್ತು 7.2, ಒಟ್ಟು ಹದಿನೈದೂವರೆ ಕಿಲೋವ್ಯಾಟ್. ಆದರೆ ಹಗಲು ಎಲ್ಲರೂ ಹಾಲಿನಲ್ಲಿ, ರಾತ್ರಿ ಎಲ್ಲರೂ ಬೆಡ್‌ರೂಮಿನಲ್ಲಿ ಇರುವ ಸಂಸಾರಕ್ಕೆ 12ರ ಮಷೀನು ಸಾಕಾಗಬಹುದು. ಅಪ್ಪ ಅಮ್ಮ ಬಂದು ಮಧ್ಯಾಹ್ನ ಕೋಣೆಯಲ್ಲಿ ಮಲಗುತ್ತಾರೆ, ಒಬ್ಬರು ಮನೆಯಿಂದಲೇ ಕೆಲಸ ಮಾಡುತ್ತಾರೆ ಎಂದರೆ ಲೆಕ್ಕ ಬೇರೆ. ಯಾವ ಹೊತ್ತಿನಲ್ಲಿ ಯಾವ ಝೋನ್ ತೆರೆದಿರುತ್ತದೆ ಎಂಬುದನ್ನು ನೀವೇ ಕೂತು ಬರೆದುಕೊಳ್ಳಬೇಕು. ಅದನ್ನು ಸೇಲ್ಸ್‌ನವರು ಊಹಿಸಲಾರರು.

"ದೊಡ್ಡದಿದ್ದರೆ ಒಳ್ಳೆಯದಲ್ಲವೇ?" ಅಲ್ಲ. ಬೇಕಾದಷ್ಟಕ್ಕೆ ತನ್ನ ವೇಗ ತಗ್ಗಿಸಿಕೊಳ್ಳುವ ಇನ್ವರ್ಟರ್ ಮಷೀನಿಗೂ ಒಂದು ಕನಿಷ್ಠ ಮಟ್ಟವಿದೆ, ಅದಕ್ಕಿಂತ ಕೆಳಗೆ ಓಡಲಾರದು. ರಾತ್ರಿ ಒಂದೇ ಬೆಡ್‌ರೂಮು ತೆರೆದರೆ ದೈತ್ಯ ಮಷೀನು ಹತ್ತಿ ಆರಿ, ಹತ್ತಿ ಆರಿ ಒದ್ದಾಡುತ್ತದೆ. ಇಲ್ಲವೇ ಮಿಕ್ಕ ಗಾಳಿಯನ್ನು ಸದಾ ತೆರೆದಿರುವ ಕಾಮನ್ ಝೋನಿಗೆ ಸುರಿಯುತ್ತದೆ. ಬ್ರಿಸ್ಬೇನ್‌ನಂಥ ಊರಿನಲ್ಲಿ ಇನ್ನೂ ಕಷ್ಟ: ಬೇಗ ತಣ್ಣಗಾಗಿಸಿ ನಿಂತುಬಿಡುವ ಮಷೀನು ಗಾಳಿಯ ತೇವವನ್ನು ಸಾಕಷ್ಟು ಹೀರುವುದಿಲ್ಲ, ಮನೆ ತಂಪಾಗಿದ್ದರೂ ಜಿಗುಟಾಗಿರುತ್ತದೆ. ಇಡೀ ರಾತ್ರಿ ಒಂದೇ ಕೋಣೆಗೆ ಏಸಿ ಬೇಕು ಎನ್ನುವವರು ಆ ಕೋಣೆಗೆ ಪ್ರತ್ಯೇಕ ಸ್ಪ್ಲಿಟ್ ಹಾಕಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇನ್ನು ನಮ್ಮವರಿಗೇ ಮೀಸಲಾದ ಒಂದು ವಿಷಯ. ವಾಸ್ತು ನೋಡಿ ಪೂರ್ವಕ್ಕೆ ಬಾಗಿಲಿರುವ ಸೈಟು ಹುಡುಕುತ್ತೇವೆ. ಇಲ್ಲಿನ ಪ್ಲಾನುಗಳಲ್ಲಿ ಸಾಮಾನ್ಯವಾಗಿ ಮಲಗುವ ಕೋಣೆ ಮುಂದೆ, ಗಾಜಿನ ಸ್ಲೈಡಿಂಗ್ ಬಾಗಿಲುಗಳ ದೊಡ್ಡ ಹಾಲ್ ಹಿಂದೆ. ಮುಂಬಾಗಿಲು ಪೂರ್ವಕ್ಕಿದ್ದರೆ ಆ ಗಾಜೆಲ್ಲ ಪಶ್ಚಿಮಕ್ಕೆ. ಜನವರಿಯ ಸಂಜೆ ಆರು ಗಂಟೆಗೆ, ಅಡುಗೆಮನೆಯಲ್ಲಿ ಒಗ್ಗರಣೆ ಬೀಳುವ ಹೊತ್ತಿಗೆ ಸರಿಯಾಗಿ, ಓರೆಬಿಸಿಲು ನೇರ ಒಳಗೆ ಬರುತ್ತದೆ. ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಸಾಗುವುದರಿಂದ ಉತ್ತರದ ಕಿಟಕಿಗೆ ಬೇಸಿಗೆಯ ಎತ್ತರದ ಬಿಸಿಲನ್ನು ಸೂರಿನ ಅಂಚು ತಡೆಯುತ್ತದೆ, ಚಳಿಗಾಲದ ತಗ್ಗು ಬಿಸಿಲು ಒಳಗೆ ಬರುತ್ತದೆ. ಪಶ್ಚಿಮದ ಗಾಜಿಗೆ ಆ ರಕ್ಷಣೆ ಇಲ್ಲ. ಸೈಟು ಕೊಂಡಾಗಿದ್ದರೆ ಹೊರಗಡೆ ಬ್ಲೈಂಡ್ ಹಾಕಿಸಿ, ಡಬಲ್ ಗ್ಲೇಜಿಂಗ್‌ಗೆ (ಎರಡು ಪದರದ ಗಾಜಿಗೆ) ದುಡ್ಡು ಎತ್ತಿಡಿ. ಇನ್ನೆರಡು ಕಿಲೋವ್ಯಾಟ್ ಕೊಳ್ಳುವುದಕ್ಕಿಂತ ಆ ಖರ್ಚು ಲೇಸು. ಶಾಖ ತಡೆಯುವ ಚಾವಣಿಯ ಇನ್ಸುಲೇಷನ್ ಹಳೆಯದಾಗಿ ಕುಸಿದಿರುವ ಮನೆಗೂ ಇದೇ ಮಾತು.

ಊರಿಗೆ ತಕ್ಕಂತೆಯೂ ಲೆಕ್ಕ ಬದಲಾಗುತ್ತದೆ. ಬ್ರೋಷರಿನಲ್ಲಿರುವ ತಂಪಿನ ಅಂಕಿ ಹೊರಗೆ 35 ಡಿಗ್ರಿ ಇದ್ದಾಗಿನದು. ಸಿಡ್ನಿಯ ಪಶ್ಚಿಮದ ಪೆನ್ರಿತ್‌ನಲ್ಲಿ 2020ರ ಜನವರಿ 4ರಂದು 48.9 ಡಿಗ್ರಿ ದಾಖಲಾಗಿತ್ತು; ಅಂಥ ದಿನ ಅದೇ ಮಷೀನಿನ ಕಸುವು ಇಳಿಯುತ್ತದೆ. ಕಂಪನಿಯ ತಾಂತ್ರಿಕ ಪಟ್ಟಿಯಲ್ಲಿ 40 ದಾಟಿದಾಗಿನ ಅಂಕಿಯನ್ನು ಕೇಳಿ ನೋಡಿ. ಬಿಸಿಯ ಅಂಕಿ ಹೊರಗೆ 7 ಡಿಗ್ರಿ ಇದ್ದಾಗಿನದು. ಕ್ಯಾನ್‌ಬೆರಾದ ಮುಂಜಾನೆ ಸೊನ್ನೆಗಿಂತ ಕೆಳಗಿಳಿದಾಗ ಹೊರಗಿನ ಘಟಕಕ್ಕೆ ಹಿಮ ಕಟ್ಟಿ, ಅದನ್ನು ಕರಗಿಸಲು ಮಷೀನು ಆಗಾಗ ನಿಲ್ಲುತ್ತದೆ. ಅಲ್ಲಿ ಗಾತ್ರ ನಿರ್ಧರಿಸಬೇಕಾದದ್ದು ಚಳಿ, ಸೆಕೆಯಲ್ಲ. ಪರ್ತ್, ಅಡಿಲೇಡ್, ಮೆಲ್ಬರ್ನ್‌ಗಳಲ್ಲಿ "ಇವ್ಯಾಪರೇಟಿವ್" ಎಂದು ಅಗ್ಗಕ್ಕೆ ಸಿಗುವುದು ನಮ್ಮ ಏರ್ ಕೂಲರಿನ ದೊಡ್ಡಣ್ಣ. ಒಣ ಸೆಕೆಗೆ ಚೆನ್ನ, ಆದರೆ ಕಿಟಕಿ ತೆರೆದಿರಬೇಕು, ಕಾಡ್ಗಿಚ್ಚಿನ ದಿನ ಹೊಗೆಯನ್ನೇ ಒಳಗೆಳೆಯುತ್ತದೆ.

ಕೊಟೇಷನ್ ಬಂದಾಗ ಬ್ರ್ಯಾಂಡಿನ ಹೆಸರಿಗಿಂತ ಮೊದಲು ನೋಡಬೇಕಾದದ್ದು ಕೋಣೆಕೋಣೆಯ ಹೀಟ್ ಲೋಡ್ ಲೆಕ್ಕ, ಅಂದರೆ ಯಾವ ಕೋಣೆಗೆ ಎಷ್ಟು ತಂಪು ಅಥವಾ ಬಿಸಿ ಬೇಕು ಎಂಬುದು. ಅದಿಲ್ಲದಿದ್ದರೆ ಕೇಳಿ, ಕೊಡದವರನ್ನು ಬಿಡಿ. ಆಮೇಲೆ ಕೊಳವೆ: ಬೇಸಿಗೆಯಲ್ಲಿ ಹೆಂಚಿನ ಕೆಳಗೆ 50 ಡಿಗ್ರಿ ದಾಟುವ ಜಾಗದಲ್ಲಿ ತಣ್ಣನೆ ಗಾಳಿ ಹರಿಯಬೇಕು, ಆದ್ದರಿಂದ ಆರ್ 1.0ಕ್ಕಿಂತ ಆರ್ 1.5ರ ಹೊದಿಕೆ ವಾಸಿ (ಆರ್ ಎಂಬುದು ಶಾಖ ತಡೆಯುವ ಶಕ್ತಿಯ ಅಳತೆ). ಕೋಣೆಯ ಗಾಳಿ ಮಷೀನಿಗೆ ವಾಪಸು ಹೋಗುವ ರಿಟರ್ನ್ ಗ್ರಿಲ್ ಚಿಕ್ಕದಾದರೆ ಎಂಥ ಮಷೀನೂ ಉಸಿರುಗಟ್ಟಿ ಸದ್ದು ಮಾಡುತ್ತದೆ. ಜೋಡಿಸುವವರಿಗೆ ಆಸ್ಟ್ರೇಲಿಯನ್ ರೆಫ್ರಿಜರೇಷನ್ ಕೌನ್ಸಿಲ್ ಕೊಡುವ ಆರ್ಕ್‌ಟಿಕ್ ಲೈಸೆನ್ಸ್ ಕಡ್ಡಾಯ. ನಂಬರು ಕೇಳಲು ಸಂಕೋಚ ಬೇಡ.

ದೊಡ್ಡ ಗಾತ್ರದವು ಹೆಚ್ಚಾಗಿ ತ್ರೀ ಫೇಸ್. ನಿಮ್ಮ ಮನೆಗೆ ಸಿಂಗಲ್ ಫೇಸ್ ಇದ್ದು, ಇಂಡಕ್ಷನ್ ಒಲೆ, ಕಾರು ಚಾರ್ಜರ್ ಎರಡೂ ಬರಲಿದ್ದರೆ ಸಹಿ ಹಾಕುವ ಮುಂಚೆಯೇ ಎಲೆಕ್ಟ್ರಿಷಿಯನ್‌ಗೆ ಸ್ವಿಚ್‌ಬೋರ್ಡ್ ತೋರಿಸಿ. ಹೊರಗಿನ ಘಟಕ ಪಕ್ಕದ ಮನೆಯ ಬೆಡ್‌ರೂಮಿನ ಕಿಟಕಿಗೆ ಎದುರಾಗದಿರಲಿ. ನ್ಯೂ ಸೌತ್ ವೇಲ್ಸ್‌ನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ, ಶನಿವಾರ, ಭಾನುವಾರ ಮತ್ತು ಸಾರ್ವಜನಿಕ ರಜೆಗಳಂದು 8ರವರೆಗೆ, ಅದರ ಸದ್ದು ನೆರೆಯವರ ಕೋಣೆಯೊಳಗೆ ಕೇಳಿಸುವಂತಿಲ್ಲ.