ಹದಿನಾರು ಚೌಕದೊಳಗೆ ‘ಕ’ ಕೂರಿಸಿದ್ದು

ಕಂಪ್ಯೂಟರ್ ಪರದೆಯ ಅಂಚಿನ ಪಟ್ಟಿಯಲ್ಲಿ ಕೂರುವ ಪುಟ್ಟ ಚಿತ್ರಗಳನ್ನು, ಅಂದರೆ ಪ್ಯಾನೆಲ್ ಐಕಾನ್‌ಗಳನ್ನು, ಮೊದಲು ಗ್ರಾಫ್ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬರೆಯುತ್ತೇನೆ ಅಂದಾಗ ಜೊತೆಯವರು ಮೂಗು ಮುರಿದಿದ್ದರು. ‘ಇಂಕ್‌ಸ್ಕೇಪ್‌ನಂಥ ಚಿತ್ರ ಬರೆಯುವ ತಂತ್ರಾಂಶ ಇಟ್ಟುಕೊಂಡು ಇದೇನು ಮಕ್ಕಳಾಟ’ ಅಂತ. ಈಗ ಬಳ್ಳಾರಿಯ ಒಂದು ತರಬೇತಿ ಕೇಂದ್ರದ 35–36 ಯಂತ್ರಗಳಲ್ಲಿ ಆ ಮಕ್ಕಳಾಟವೇ ಓಡುತ್ತಿದೆ.

ಹಳೇ ಯಂತ್ರಗಳು, ಲಿನಕ್ಸ್‌ನ ಹಗುರ ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ, 1366x768ರ ಅಗ್ಗದ ಮಾನಿಟರ್. ಗಡಿ ಊರಲ್ಲವೇ, ಕನ್ನಡ ತೆಲುಗು ಎರಡನ್ನೂ ಟೈಪ್ ಮಾಡುವವರೇ ಹೆಚ್ಚು. ಈಗ ಯಾವ ಕೀಲಿಮಣೆ ಅಂತ ಒಂದೇ ನೋಟಕ್ಕೆ ತಿಳಿಯಬೇಕು, ಅದಕ್ಕೆ ಎರಡೂ ಲಿಪಿಯ ‘ಕ’. ವೈ-ಫೈ, ಬ್ಯಾಟರಿ, ಧ್ವನಿ ಸೇರಿ ಒಟ್ಟು 40 ಐಕಾನ್. 18 ಸಾವಿರಕ್ಕೆ ಒಪ್ಪಿಕೊಂಡೆ. ಹತ್ತು ದಿನದ ಕೆಲಸ ಅಂದುಕೊಂಡದ್ದು ಎರಡು ತಿಂಗಳು ಎಳೆಯಿತು. ದಿನಕ್ಕೆ 300 ರೂಪಾಯಿ ಬಿತ್ತು. ಗಾರೆ ಕೆಲಸಕ್ಕೆ ಹೋಗಿದ್ದರೆ ಹೆಚ್ಚು ಸಿಗುತ್ತಿತ್ತು.

ಮೊದಲು ನಾನೂ ಎಲ್ಲರಂತೆ 512 ಪಿಕ್ಸೆಲ್ (ಪರದೆಯ ಚುಕ್ಕಿ) ಚೌಕದಲ್ಲಿ ಬರೆದು, ಪ್ಯಾನೆಲ್‌ಗೆ ಬೇಕಾದ 16ಕ್ಕೆ ಇಳಿಸಿದೆ. ವೈ-ಫೈ ಕಮಾನುಗಳು ಅಂಟಿಕೊಂಡು ಬೂದು ಮುದ್ದೆಯಾದವು. ಫಾಂಟಿನಿಂದ ಎತ್ತಿದ ‘ಕ’ದ ಗತಿ ಇನ್ನೂ ಕೆಟ್ಟದ್ದು. ತೆಲುಗಿನ ‘ಕ’ದ ತಲೆ ಮೇಲೆ ಮೇಷ್ಟ್ರು ಹಾಕುವ ಸರಿ ಗುರುತಿನಂಥ ಗೀರು, ನಮ್ಮದು ಮಲಗಿದ ಗೆರೆ, ಬಲತುದಿಯಲ್ಲಿ ಬಾಗು. ಆ ಬಾಗು ಮಸುಕಾದರೆ ಎರಡೂ ಒಂದೇ. ಆರು ಜನರನ್ನು ಕೂರಿಸಿ ಕೇಳಿದೆ, ಮೂವರು ತಪ್ಪು ಹೇಳಿದರು.

ಡಾರ್ಕ್ ಥೀಮ್ ಹಾಕಿದ ದಿನ ಅರ್ಧ ಐಕಾನ್‌ಗಳೇ ಮಾಯ. ಹೆಸರಿನ ಕೊನೆಗೆ ‘ಸಿಂಬಾಲಿಕ್’ ಇದ್ದರೆ, ಪ್ಯಾನೆಲ್ ಬಿಡಿಸುವ ತಂತ್ರಾಂಶ ಜಿಟಿಕೆ ತಾನೇ ಬಣ್ಣ ಬದಲಿಸುತ್ತದೆ ಅಂತ ನೆಮ್ಮದಿಯಾಗಿದ್ದೆ. ಅಲ್ಲಿದ್ದ ಜಿಟಿಕೆ 3 ಬದಲಿಸುವುದು ಫಿಲ್ (ಆಕಾರದ ಒಳಗೆ ತುಂಬಿದ) ಬಣ್ಣ ಮಾತ್ರ; ನನ್ನ ಗೆರೆಗಳೆಲ್ಲ ಸ್ಟ್ರೋಕ್ (ಬರೀ ಎಳೆದ ಗೆರೆ) ಆಗಿಯೇ ಉಳಿದಿದ್ದವು, ಕಪ್ಪಿನ ಮೇಲೆ ಕಪ್ಪು. ಅವನ್ನೆಲ್ಲ ಪಾತ್ (ಫಿಲ್ ಇರುವ ಆಕಾರ) ಮಾಡಿ ಮತ್ತೆ ಹಾಕಿದರೂ ಹಳೆಯದೇ ಕಾಣುತ್ತಿತ್ತು. ಯಂತ್ರ ಕೂಡಿಟ್ಟುಕೊಂಡ ಹಳೇ ಪ್ರತಿಯನ್ನು, ಅಂದರೆ ಐಕಾನ್ ಕ್ಯಾಶ್ ಅನ್ನು, ಹೊಸದು ಮಾಡಿರಲಿಲ್ಲ! ಎರಡು ರಾತ್ರಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಆಮೇಲೆ 20 ರೂಪಾಯಿಯ ಗ್ರಾಫ್ ಪುಸ್ತಕ ತಂದೆ. ಆ್ಯಪಲ್‌ನ 1984ರ ಮ್ಯಾಕಿಂತೋಷ್ ಕಂಪ್ಯೂಟರ್‌ಗೆ ವಿನ್ಯಾಸಕಿ ಸೂಸನ್ ಕೇರ್ ಐಕಾನ್ ಬರೆದದ್ದೂ ಚೌಕುಳಿ ಪುಸ್ತಕದಲ್ಲೇ, ಅದೂ 32ಕ್ಕೆ 32. ನನಗೆ ಅದರ ಕಾಲು ಭಾಗ ಜಾಗ. ಒಂದು ಪಿಕ್ಸೆಲ್ ಗೆರೆಯ ನಡು ಚೌಕದ ಅಂಚಿನ ಮೇಲೆ ಬಂದರೆ ಎರಡು ಕಡೆಗೂ ಅರ್ಧರ್ಧ ಹರಡಿ ಬೂದಾಗುತ್ತದೆ, ಹಾಗಾಗಿ ಗೆರೆಯೆಲ್ಲ 2 ಪಿಕ್ಸೆಲ್ ದಪ್ಪ. ‘ಕ’ದ ತಲೆಕಟ್ಟಿಗೆ 2 ಸಾಲು, ಖಾಲಿ 2, ಅಡ್ಡಗೆರೆ 2, ಹೊಟ್ಟೆಯೊಳಗೆ 3, ತಳಕ್ಕೆ 2. ಅಲ್ಲಿಗೆ 11. ಮೇಲೆ ಕೆಳಗೆ ಒಂದೊಂದು ಬಿಟ್ಟರೆ ಮಿಗುವುದು 3 ಸಾಲು. ಆ ಮೂರನ್ನು ಎಲ್ಲಿ ಹಾಕಿದೆ ಅನ್ನುವುದರಲ್ಲೇ ಇರುವುದು ಕಸುಬು, ಅದು ನನ್ನ ಹತ್ತಿರವೇ ಇರಲಿ. ಅದೇ ಆರು ಜನರನ್ನು ಮತ್ತೆ ಕೂರಿಸಿದೆ. ಆರೂ ಜನ ಸರಿ ಹೇಳಿದರು, ಅದೂ ಎದ್ದು ನಿಂತು ಎರಡು ಮಾರು ದೂರದಿಂದ.

ನಡುವೆ ಒಂದು ಹುಚ್ಚು ಹತ್ತಿತು: ಬ್ಯಾಟರಿಗೆ ಬಿಂದಿಗೆ ಬರೆದರೆ ಹೇಗೆ, ಚಾರ್ಜ್ ಏರಿದಂತೆ ನೀರು ಏರುವಂತೆ? ನಾಲ್ಕು ದಿನ ಕೂತೆ. ಕಂಠ ಕಿರಿದು, ಹೊಟ್ಟೆ ಅಗಲ. 90ಕ್ಕೂ 100ಕ್ಕೂ ಎರಡೇ ಪಿಕ್ಸೆಲ್ ವ್ಯತ್ಯಾಸ. ನೋಡಿದವರೊಬ್ಬರು ‘ಬಲ್ಬಾ?’ ಅಂದರು. ಎಸೆದೆ. ಮಾಮೂಲಿ ಡಬ್ಬಿಯಲ್ಲೂ ಒಳಗಿನ ಎತ್ತರ 10 ಪಿಕ್ಸೆಲ್, ಅವರು ಕೇಳಿದ್ದು ಹತ್ತು ಹಂತ. ಒಂದು ಪಿಕ್ಸೆಲ್ ಏರಿದ್ದು ಯಾರ ಕಣ್ಣಿಗೆ ಬೀಳುತ್ತದೆ? ಐದೇ ಚಿತ್ರ ಬರೆದು ಉಳಿದ ಐದು ಹೆಸರುಗಳನ್ನು ಸಿಮ್‌ಲಿಂಕ್ ಮಾಡಿದೆ, ಅಂದರೆ ಅವೂ ಅದೇ ಚಿತ್ರಗಳನ್ನು ತೋರಿಸುತ್ತವೆ. ಇವತ್ತಿಗೂ ಯಾರೂ ಕೇಳಿಲ್ಲ.

ಕೊನೆ ಕಂತು 6 ಸಾವಿರ ಇನ್ನೂ ಬರಬೇಕು. ಅಷ್ಟರಲ್ಲಿ ಹೊಸ ಮಾನಿಟರ್‌ಗಳಿಗೆ 22 ಪಿಕ್ಸೆಲ್‌ನವೂ ಬೇಕಂತೆ, ‘ಇರುವುದನ್ನೇ ಸ್ವಲ್ಪ ಹಿಗ್ಗಿಸಿ ಕೊಡಿ’ ಅಂತಾರೆ. ಹಿಗ್ಗಿಸಿದರೆ 2ರ ಗೆರೆ 2.75 ಆಗುತ್ತದೆ. ಇನ್ನೊಂದು ಗ್ರಾಫ್ ಪುಸ್ತಕ ತಂದಿಟ್ಟಿದ್ದೇನೆ; ಈ ಸಲ 30 ಸಾವಿರಕ್ಕಿಂತ ಕಡಿಮೆಗೆ ಪೆನ್ಸಿಲ್ ಮುಟ್ಟುವುದಿಲ್ಲ.